ಕಾರ್ಡಿಗೂ ಮಂಚಕ್ಕೂ ನಡುವೆ

ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯ ಹಳ್ಳಿಗಳಲ್ಲಿ ಕಾಯಿಲೆ ಉತ್ತರಕ್ಕೆ ಹೋಗುತ್ತದೆ, ಕಾಗದ ದಕ್ಷಿಣಕ್ಕೆ ಹೋಗುತ್ತದೆ. ಎದೆನೋವೆಂದರೆ ಜಯದೇವ, ಕ್ಯಾನ್ಸರ್ ಎಂದರೆ ಕಿದ್ವಾಯಿ, ನರಗಳ ತೊಂದರೆಯೆಂದರೆ ನಿಮ್ಹಾನ್ಸ್. ಈ ಹೆಸರುಗಳು ಇಲ್ಲಿನ ಮನೆಗಳಲ್ಲಿ ಕ್ಷೇತ್ರಗಳ ಹೆಸರಿನಷ್ಟೇ ಬಳಕೆಯಲ್ಲಿವೆ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ಚೆನ್ನೈ 300 ಕಿಲೋಮೀಟರಿಗೂ ಆಚೆ. ಬೆಂಗಳೂರಿನಲ್ಲಿ ನೆಂಟರಿದ್ದಾರೆ, ಮಾತು ತಿಳಿಯುತ್ತದೆ, ಸಂಜೆಯೊಳಗೆ ಊರು ಸೇರಬಹುದು. ಆದರೆ ಪಡಿತರ ಚೀಟಿ, ವರಮಾನ ಪತ್ರ, ವಿಮೆಯ ಕಾರ್ಡು ಇವೆಲ್ಲವೂ ಕೃಷ್ಣಗಿರಿಯ ಜಿಲ್ಲಾಧಿಕಾರಿ ಕಚೇರಿಯ ಕಡೆಗೂ ಅಲ್ಲಿಂದ ಚೆನ್ನೈಯ ಕಡೆಗೂ ಮುಖ ಮಾಡಿವೆ. ರೋಗಿಯೊಂದು ದಿಕ್ಕು, ರೋಗಿಯ ಹಕ್ಕೊಂದು ದಿಕ್ಕು.

ಡೆಂಕಣಿಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ಈ ಎರಡು ದಿಕ್ಕುಗಳ ಎಳೆದಾಟ ದಿನನಿತ್ಯದ ಅನುಭವ. ಬೆಳಗಾದರೆ ಅವರ ಜಗುಲಿಯ ಮೇಲೆ ಯಾರಾದರೊಬ್ಬರು ಕಾಗದ ಹಿಡಿದು ಕುಳಿತಿರುತ್ತಾರೆ. ಕಾಗದ ತಮಿಳಿನಲ್ಲಿರುತ್ತದೆ, ಬಂದವರು ಕನ್ನಡದವರು. ಐವತ್ತು ದಾಟಿದ ಹಲವರಿಗೆ ಕನ್ನಡವನ್ನೋ ತೆಲುಗನ್ನೋ ಓದಲು ಬರುತ್ತದೆ, ಇಲ್ಲವೇ ಏನನ್ನೂ ಓದಲು ಬಾರದು. 2006ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ ಬೆಳೆದ ಮಕ್ಕಳು ತಮಿಳನ್ನು ಚೆನ್ನಾಗಿ ಓದುತ್ತಾರೆ. ಹೀಗಾಗಿ ಅನೇಕ ಮನೆಗಳಲ್ಲಿ ಅಜ್ಜಿಗೆ ಬಂದ ಕಾಗದವನ್ನು ಮೊಮ್ಮಗಳು ತಮಿಳಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾಳೆ. ಶಸ್ತ್ರಚಿಕಿತ್ಸೆಗೆ ವಿಮಾ ಕಂಪನಿಯ ಪೂರ್ವಾನುಮತಿ ಬೇಕೆಂಬ ಸಾಲು ಬಂದಾಗ ಅವಳಿಗೆ ಎರಡು ಭಾಷೆಗಳೂ ಕೈಕೊಡುತ್ತವೆ. ಆಗ ಕಾಗದ ಮೇಷ್ಟ್ರ ಜಗುಲಿಗೆ ಬರುತ್ತದೆ.

ಮೇಷ್ಟ್ರು ಈ ಯೋಜನೆಗಳ ವಂಶಾವಳಿಯನ್ನು ಬಲ್ಲರು. ಗಡಿಯಾಚೆ ಆನೇಕಲ್ಲಿನಲ್ಲಿರುವ ಬೀಗರ ಮೂಲಕ ಅವರು ಮೊದಲು ಕೇಳಿದ ಹೆಸರು ಯಶಸ್ವಿನಿ. ಸಹಕಾರ ಸಂಘದ ಸದಸ್ಯರಾದ ರೈತರಿಗಾಗಿ ಕರ್ನಾಟಕದಲ್ಲಿ 2003ರ ಜೂನ್‌ನಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಕಂತು, ಎಂದರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಆ ಯೋಜನೆಯ ಹಿಂದಿದ್ದ ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಆಸ್ಪತ್ರೆ ಇರುವುದು ಬೊಮ್ಮಸಂದ್ರದಲ್ಲಿ, ಹೊಸೂರು ರಸ್ತೆಯ ಮೇಲೆ. ಹೊಸೂರಿನಿಂದ ಹೊರಟ ಬಸ್ಸು ಅದರ ಸಮೀಪದಿಂದಲೇ ಹಾದುಹೋಗುತ್ತದೆ. ಆದರೆ ಬಸ್ಸಿನಲ್ಲಿ ಕುಳಿತ ಹೊಸೂರಿನ ರೈತ ಕರ್ನಾಟಕದ ಯಾವ ಹಾಲಿನ ಸಂಘಕ್ಕೂ ಸದಸ್ಯನಲ್ಲ. ಬೀಗರಿಗೆ ಸಿಕ್ಕ ನೆರಳು ಅವನಿಗೆ ಸಿಗಲಿಲ್ಲ.

2007ರಲ್ಲಿ ಆಂಧ್ರಪ್ರದೇಶದಲ್ಲಿ, ಸ್ವತಃ ವೈದ್ಯರಾಗಿದ್ದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಕಾಲದಲ್ಲಿ, ಆರೋಗ್ಯಶ್ರೀ ಆರಂಭವಾಯಿತು. ಬಡವರ ಕಂತನ್ನು ಸರ್ಕಾರವೇ ತುಂಬಿ, ಖಾಸಗಿ ಆಸ್ಪತ್ರೆಯಲ್ಲಿಯೂ ದೊಡ್ಡ ಚಿಕಿತ್ಸೆ ಕೊಡಿಸುವ ಈ ಮಾದರಿ ಬೇಗನೆ ನೆರೆಯ ರಾಜ್ಯಗಳಿಗೆ ಹಬ್ಬಿತು. ತಮಿಳುನಾಡಿನಲ್ಲಿ 2009ರ ಜುಲೈನಲ್ಲಿ ಕಲೈಞರ್ ಹೆಸರಿನ ವಿಮಾ ಯೋಜನೆ ಬಂತು. ಸರ್ಕಾರ ಬದಲಾದ ಮೇಲೆ 2012ರ ಜನವರಿಯಲ್ಲಿ ಅದರ ಜಾಗದಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ನಿಂತಿತು. 2018ರ ಸೆಪ್ಟೆಂಬರಿನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿ, ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ರಕ್ಷಣೆಯಾಯಿತು. ವಾರ್ಷಿಕ ವರಮಾನದ ಮಿತಿಯೂ ಮುಂದೆ 72,000 ರೂಪಾಯಿಯಿಂದ 1,20,000 ರೂಪಾಯಿಗೆ ಏರಿತು. ಹೊಸೂರಿನ ಕಾರ್ಖಾನೆಗಳಲ್ಲಿ ಕಾಯಂ ಕೆಲಸವಿದ್ದವರಿಗೆ 1948ರ ಕಾಯಿದೆಯ ಇ.ಎಸ್.ಐ. ಮೊದಲಿನಿಂದಲೂ ಉಂಟು. ರಾಗಿ ಹೊಲದವರು, ಗುಲಾಬಿ ತೋಟಗಳಲ್ಲಿ ದಿನಗೂಲಿಗೆ ಹೂ ಕೊಯ್ಯುವವರು, ಗಾರೆ ಕೆಲಸದವರು ಇವರಿಗೆಲ್ಲ ಈ ಕಾರ್ಡೇ ಆಸರೆ. ಬರಹದ ಮೇಲೆ ನೋಡಿದರೆ ಕೊರತೆಯೇ ಇಲ್ಲ.

ಬರಹಕ್ಕೂ ಬದುಕಿಗೂ ಎಷ್ಟು ದೂರವೆಂಬುದನ್ನು ಮೇಷ್ಟ್ರು ತಮ್ಮ ಅಕ್ಕನ ಮನೆಯಲ್ಲಿ ಕಂಡರು. ಅಕ್ಕನಿಗೆ ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆ ಹತ್ತಿದರೆ ಏದುಸಿರು. ಕೊನೆಗೊಂದು ರಾತ್ರಿ ಉಸಿರೇ ಹಿಡಿಯಿತು. ಭಾವನವರು ಬಾಡಿಗೆ ಕಾರು ಹಿಡಿದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಶಸ್ತ್ರಚಿಕಿತ್ಸೆ ಆಯಿತು, ಅಕ್ಕ ಉಳಿದರು. ಜೋಡಿ ಹಸು ಹೋದವು, ಸೊಸೆಯ ಒಡವೆ ಅಡವಿಗೆ ಹೋಯಿತು, ಪದವಿಯ ಎರಡನೆಯ ವರ್ಷದಲ್ಲಿದ್ದ ಕಿರಿಯ ಮಗ ಓದು ಬಿಟ್ಟು ಸಿಪ್ಕಾಟ್‌ನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಕೆಲಸಕ್ಕೆ ಸೇರಿದ.

ಬೇರೆ ಊರಿನಲ್ಲಿ ಕೆಲಸದಲ್ಲಿದ್ದ ಮೇಷ್ಟ್ರು ರಜೆಗೆ ಬಂದಾಗ, ತಗಡಿನ ಪೆಟ್ಟಿಗೆಯಲ್ಲಿ ಪಡಿತರ ಚೀಟಿಯ ಪಕ್ಕದಲ್ಲಿ, ಅರಿಸಿನ ಬಟ್ಟೆಯಲ್ಲಿ ಸುತ್ತಿದ ಆ ಕಾರ್ಡು ಕಂಡಿತು. ಎರಡು ವರ್ಷದಿಂದ ಅಲ್ಲಿಯೇ ಇತ್ತು. ಇದನ್ನೇಕೆ ಯಾರೂ ತೆಗೆಯಲಿಲ್ಲವೆಂದು ಕೇಳಿದ್ದಕ್ಕೆ ಅಕ್ಕ ಹೇಳಿದ್ದಿಷ್ಟೇ: "ಅದು ಸತ್ತ ಮೇಲೆ ಬರೋ ದುಡ್ಡಲ್ವೇನೋ ತಮ್ಮಾ?"

ಅಕ್ಕನ ಮಾತಿನಲ್ಲಿ ದಡ್ಡತನವಿರಲಿಲ್ಲ. ಇನ್ಶೂರೆನ್ಸ್ ಎಂಬ ಶಬ್ದ ಹಳ್ಳಿಗೆ ಬಂದದ್ದೇ ಎಲ್.ಐ.ಸಿ. ಏಜೆಂಟರ ಜೊತೆಯಲ್ಲಿ. ಯಜಮಾನ ಸತ್ತರೆ ಹೆಂಡತಿಗೆ ಬರುವ ಹಣವೆಂದೇ ಅದರ ಅರ್ಥ. ಬದುಕಿರುವಾಗಲೇ, ಬದುಕಿಸುವುದಕ್ಕಾಗಿಯೇ ಬಳಸಬೇಕಾದ ಇನ್ಶೂರೆನ್ಸ್ ಒಂದಿದೆಯೆಂದು ಆ ಮನೆಗೆ ಅವರ ಮಾತಿನಲ್ಲಿ ಯಾರೂ ಹೇಳಿರಲಿಲ್ಲ. ಶಿಬಿರವೊಂದರಲ್ಲಿ ಫೋಟೋ ತೆಗೆದರು, ಕಾರ್ಡು ಕೊಟ್ಟರು, ಅಲ್ಲಿಗೆ ಮುಗಿಯಿತು. ಅಮಂಗಳದ ಕಾಗದವನ್ನು ಯಾರು ಮತ್ತೆ ಮತ್ತೆ ತೆಗೆದು ನೋಡುತ್ತಾರೆ? ಸರ್ಕಾರದ ಲೆಕ್ಕದಲ್ಲಿ ಆ ಕುಟುಂಬ ರಕ್ಷಣೆ ಪಡೆದ ಕುಟುಂಬ. ಪೆಟ್ಟಿಗೆಯ ಲೆಕ್ಕದಲ್ಲಿ ಎರಡು ಹಸು ಕಡಿಮೆ.

ಈ ಬಗೆಯ ಕಾರ್ಡುಗಳಿಂದ ನಿಜವಾಗಿ ಪ್ರಾಣ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರೂ ಕೇಳಿದ್ದಾರೆ. ಅವರಲ್ಲಿ ಇಬ್ಬಗೆಯವರು ಉತ್ತರ ಹುಡುಕಿದ್ದು ಕನ್ನಡನಾಡಿನ ಹಳ್ಳಿಗಳಲ್ಲಿಯೇ. ಆ ಎರಡು ಉತ್ತರಗಳು ಒಂದಕ್ಕೊಂದು ಎದುರುಬದುರಾಗಿ ನಿಂತಿರುವುದರಿಂದ ಗಡಿಸೀಮೆಯವರು ಅವನ್ನು ಗಮನವಿಟ್ಟು ನೋಡಬೇಕು.

ಮೊದಲನೆಯದು ವಾಜಪೇಯಿ ಆರೋಗ್ಯಶ್ರೀಯನ್ನು ಕುರಿತದ್ದು. ಬಡತನದ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುತ್ತಿದ್ದ ಆ ಯೋಜನೆಯನ್ನು ಕರ್ನಾಟಕ 2010ರ ಫೆಬ್ರವರಿಯಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಆರಂಭಿಸಿತು. ದಕ್ಷಿಣಕ್ಕೆ ಅದು ತಲುಪಲು 2012 ಆಯಿತು. ಹೀಗೆ ಎರಡು ವರ್ಷಕ್ಕೂ ಮೀರಿ ರಾಜ್ಯದ ನಡುವೆಯೇ ಒಂದು ಗೆರೆ ಬಿದ್ದಿತ್ತು. ಗೆರೆಯ ಆಚೆ ಈಚೆ ಒಂದೇ ಮಳೆ, ಒಂದೇ ಬೆಳೆ, ಒಂದೇ ಮಾತು. ಯೋಜನೆ ಮಾತ್ರ ಒಂದು ಕಡೆಗೆ. ನೀರಜ್ ಸೂದ್ ಮತ್ತು ಸಂಗಡಿಗರು ಗೆರೆಯ ಎರಡೂ ಬದಿಯ 572 ಹಳ್ಳಿಗಳಲ್ಲಿ 31,476 ಮನೆಗಳನ್ನು ಸಮೀಕ್ಷೆ ಮಾಡಿ, 2014ರಲ್ಲಿ ಬ್ರಿಟನ್ನಿನ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಯೋಜನೆಯಿದ್ದ ಬಡಮನೆಗಳಲ್ಲಿ ಶೇಕಡ 0.32 ಇತ್ತು, ಗೆರೆಯ ದಕ್ಷಿಣಕ್ಕೆ, ಯೋಜನೆಯಿಲ್ಲದ ಬಡಮನೆಗಳಲ್ಲಿ ಶೇಕಡ 0.90. ಯೋಜನೆಗೆ ಹೊರತಾದ ಸ್ಥಿತಿವಂತರ ಮನೆಗಳಲ್ಲಿ ಮಾತ್ರ ಎರಡು ಬದಿಗೂ ವ್ಯತ್ಯಾಸವಿರಲಿಲ್ಲ: 0.56 ಮತ್ತು 0.55. ಬಡವರ ಕೈಯಿಂದ ಆಸ್ಪತ್ರೆಗೆ ಹೋಗುತ್ತಿದ್ದ ಹಣವೂ ಗಣನೀಯವಾಗಿ ತಗ್ಗಿತ್ತು.

ಎರಡನೆಯದು ಅನೂಪ್ ಮಲಾನಿ ಮತ್ತು ಸಂಗಡಿಗರದು. ಕೇಂದ್ರದ ಹಳೆಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಆಸ್ಪತ್ರೆ ವಿಮೆಯನ್ನು ಬಡತನದ ರೇಖೆಗಿಂತ ಮೇಲಿನ ಕುಟುಂಬಗಳಿಗೆ ಒದಗಿಸಿ, ಕರ್ನಾಟಕದ 435 ಗ್ರಾಮಗಳ 10,879 ಮನೆಗಳಲ್ಲಿ ಅವರು ಪರೀಕ್ಷೆ ನಡೆಸಿದರು. ಯಾರಿಗೆ ಉಚಿತ ವಿಮೆ, ಯಾರಿಗೆ ಹಣ ಕೊಟ್ಟು ಕೊಳ್ಳುವ ವಿಮೆ, ಯಾರಿಗೆ ಏನೂ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. 2021ರಲ್ಲಿ ಹೊರಬಂದ ಫಲಿತಾಂಶ ತಲೆಕೆಳಗು. ಉಚಿತವಾಗಿ ಕೊಟ್ಟಾಗ ಶೇಕಡ 79ರಷ್ಟು ಮನೆಗಳು ವಿಮೆ ಪಡೆದವು, ಹಣ ಕೊಟ್ಟು ಕೊಳ್ಳಿರೆಂದಾಗಲೂ ಶೇಕಡ 60ರಷ್ಟು ಮನೆಗಳು ಕೊಂಡವು. ಜನರಿಗೆ ವಿಮೆ ಬೇಡವೆಂಬ ಮಾತು ಅಲ್ಲಿಗೆ ಸುಳ್ಳಾಯಿತು. ಆದರೆ ಅದನ್ನು ಬಳಸಲು ಹೋದ ಅನೇಕರಿಂದ ಬಳಸಲಾಗಲಿಲ್ಲ. ಅಳೆದ ಆರೋಗ್ಯದ ಮಾನಗಳಲ್ಲಿ ಗಣನೆಗೆ ಬರುವ ಬದಲಾವಣೆಯೂ ಕಾಣಲಿಲ್ಲ. ಜೊತೆಗೆ ಇನ್ನೊಂದು ಸಂಗತಿ ಗೋಚರಿಸಿತು: ಊರಿನಲ್ಲಿ ಹೆಚ್ಚು ಮನೆಗಳಿಗೆ ವಿಮೆ ಸಿಕ್ಕ ಕಡೆ ಬಳಕೆಯೂ ಹೆಚ್ಚಿತ್ತು. ನೆರೆಯವನನ್ನು ನೋಡಿ ನೆರೆಯವನು ಕಲಿತಿರಬೇಕೆಂದು ಸಂಶೋಧಕರು ಊಹಿಸಿದರು.

ಇಂಥ ಭಿನ್ನಾಭಿಪ್ರಾಯ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಆರಿಗಾನ್ ರಾಜ್ಯ 2008ರಲ್ಲಿ ಬಡವರ ಸರ್ಕಾರಿ ವಿಮೆಗೆ ಅರ್ಜಿ ಹಾಕಿದವರನ್ನು ಲಾಟರಿಯಿಂದ ಆರಿಸಿತು. ವಿಮೆ ಸಿಕ್ಕವರ ಸಾಲಸೋಲ ತಗ್ಗಿತು, ಖಿನ್ನತೆ ತಗ್ಗಿತು. ಎರಡು ವರ್ಷದಲ್ಲಿ ರಕ್ತದೊತ್ತಡ, ಕೊಬ್ಬು, ಸಕ್ಕರೆಯ ಅಳತೆಗಳಲ್ಲಿ ಮಾತ್ರ ಖಚಿತವಾದ ಸುಧಾರಣೆ ಕಾಣಲಿಲ್ಲ. ಸಾಲದ ಭಯ ಹೋಗುವುದೇ ದೊಡ್ಡ ಲಾಭವೆಂದು ಕೆಲವರೂ, ದೇಹ ಗುಣವಾಗದಿದ್ದರೆ ವಿಮೆಯೇಕೆಂದು ಕೆಲವರೂ ವಾದಿಸಿದರು. ಹಸು ಮಾರಿದ ಮನೆಯವರನ್ನು ಕೇಳಿದರೆ ಮೊದಲನೆಯವರ ಪಕ್ಷಕ್ಕೇ ಸೇರುತ್ತಾರೆ.

ಕರ್ನಾಟಕದ ಎರಡು ಅಧ್ಯಯನಗಳು ಒಂದೇ ವಸ್ತುವನ್ನು ತೂಗಿದವಲ್ಲ. ಒಂದರಲ್ಲಿ ಕಡುಬಡವರು ಮತ್ತು ಪ್ರಾಣಾಂತಿಕ ಕಾಯಿಲೆಗಳು, ಇನ್ನೊಂದರಲ್ಲಿ ತುಸು ಉಳ್ಳವರು ಮತ್ತು ಸಾಮಾನ್ಯ ಆಸ್ಪತ್ರೆ ಚಿಕಿತ್ಸೆಗಳು. ಆದ್ದರಿಂದ ಒಂದರಿಂದ ಇನ್ನೊಂದನ್ನು ಸುಳ್ಳೆನ್ನಲಾಗದು. ಆದರೂ ಮೇಷ್ಟ್ರಿಗೆ ಕಾಣುವ ವ್ಯತ್ಯಾಸವೊಂದಿದೆ. ವಾಜಪೇಯಿ ಆರೋಗ್ಯಶ್ರೀಯಲ್ಲಿ ಬಡವನು ಹೊಸ ಕಾರ್ಡಿಗಾಗಿ ಅಲೆಯಬೇಕಿರಲಿಲ್ಲ, ಕೈಯಲ್ಲಿದ್ದ ಬಿ.ಪಿ.ಎಲ್. ಚೀಟಿಯೇ ಸಾಕಿತ್ತು. ಪಟ್ಟಿಯಲ್ಲಿದ್ದ ಆಸ್ಪತ್ರೆಗಳೇ ಹಳ್ಳಿಯ ಕಡೆಗೆ ಬಂದು ಆರೋಗ್ಯ ಶಿಬಿರ ನಡೆಸಿ, ಎದೆಗೆ ಕೊಳವೆಯಿಟ್ಟು ನೋಡಿ, ಅಗತ್ಯವಿದ್ದವರನ್ನು ನಗರಕ್ಕೆ ಕರೆದೊಯ್ಯುವ ಏರ್ಪಾಡಿತ್ತು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರನೆಂಬ ಒಬ್ಬನಿದ್ದ. ಕಾಗದದ ಕೆಲಸ ಅವನದು. ಇನ್ನೊಂದು ಯೋಜನೆಯಲ್ಲಿ ಕಾರ್ಡು ಮನೆಗೆ ಬಂತು, ಮುಂದಿನ ದಾರಿಯನ್ನು ಮನೆಯವರೇ ಹುಡುಕಬೇಕಾಯಿತು. ಕಾರ್ಡಿಗೂ ಆಸ್ಪತ್ರೆಯ ಮಂಚಕ್ಕೂ ನಡುವೆ ಒಂದು ದಾರಿಯಿದೆ, ಅಲ್ಲಿ ಕೈಹಿಡಿದು ನಡೆಸುವ ಮನುಷ್ಯನೊಬ್ಬ ಬೇಕು, ಅವನು ರೋಗಿಯ ಮಾತು ಬಲ್ಲವನಾಗಿರಬೇಕು. ಅಂಥ ಮನುಷ್ಯ ಇದ್ದ ಕಡೆ ವಿಮೆ ಪ್ರಾಣ ಉಳಿಸಬಲ್ಲದು, ಇಲ್ಲದ ಕಡೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ ಎಂಬುದು ಜಗುಲಿಯ ಮೇಲೆ ಅವರು ಕಂಡುಕೊಂಡ ತೀರ್ಮಾನ.

ಈ ದೃಷ್ಟಿಯಿಂದ ನೋಡಿದರೆ ಕೃಷ್ಣಗಿರಿ ಜಿಲ್ಲೆಗೆ ಹೆಮ್ಮೆ ಪಡುವ ಕಾರಣವೂ ಇದೆ. ಜನರನ್ನು ಅರಸಿ ವೈದ್ಯ ಎಂಬರ್ಥದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು 2021ರ ಆಗಸ್ಟ್ 5ರಂದು ಆರಂಭಿಸಿದ್ದು ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ, ಅವುಗಳ ಮಾತ್ರೆ, ಹಾಸಿಗೆ ಹಿಡಿದವರ ಆರೈಕೆ ಇವು ಮನೆಬಾಗಿಲಿಗೆ ಬರತೊಡಗಿದವು. ಮನೆಮನೆಗೆ ಹೋಗುವ ಸ್ವಯಂಸೇವಕಿಯರನ್ನು ಮಹಿಳಾ ಸ್ವಸಹಾಯ ಗುಂಪುಗಳಿಂದಲೇ ಆರಿಸಿಕೊಳ್ಳಲಾಯಿತು. ಕನ್ನಡದ ಹಳ್ಳಿಯಲ್ಲಿ ಆ ಹೆಣ್ಣುಮಗಳು ಅದೇ ಊರಿನವಳಾದರೆ ಅವಳ ಬಾಯಿಂದ ಕನ್ನಡವೇ ಬರುತ್ತದೆ. "ಮಾತ್ರೆ ಬಿಡಬ್ಯಾಡ ಕಣಜ್ಜಿ" ಎಂದು ಹೇಳುವುದಕ್ಕೆ ಯಾವ ಸುತ್ತೋಲೆಯ ಅನುವಾದವೂ ಬೇಕಾಗುವುದಿಲ್ಲ. ವಿಮೆ ಮುಖ್ಯವಾಗಿ ಒಳರೋಗಿಯ ಖರ್ಚನ್ನು ಹೊರುತ್ತದೆ. ಬಡವನ ಕೈ ಸುಡುವುದರಲ್ಲಿ ದಿನದ ಮಾತ್ರೆ ಮದ್ದುಗಳ ಪಾಲೂ ದೊಡ್ಡದು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇಕಡ 64.2 ಇದ್ದದ್ದು 2021-22ರಲ್ಲಿ ಶೇಕಡ 39.4ಕ್ಕೆ ಇಳಿದಿದೆಯೆಂದು ಕೇಂದ್ರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದರೂ ನೂರರಲ್ಲಿ ನಲವತ್ತು ರೂಪಾಯಿ ಸಣ್ಣ ಮೊತ್ತವಲ್ಲ.

ಅದೇ ವರ್ಷದ ಡಿಸೆಂಬರ್ 18ರಂದು ತಮಿಳುನಾಡು ಇನ್ನೊಂದು ಯೋಜನೆ ತಂದಿತು. ರಾಜ್ಯದ ಎಲ್ಲೆಯೊಳಗೆ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ. ಆರಂಭದಲ್ಲಿ ಇಟ್ಟ ಮಿತಿ 1 ಲಕ್ಷ ರೂಪಾಯಿ. ಗಾಯಾಳು ಯಾವ ರಾಜ್ಯದವನು, ಯಾವ ದೇಶದವನು, ಕಾರ್ಡು ಇದೆಯೇ ಎಂದು ಕೇಳುವಂತಿಲ್ಲ. ಹೊಸೂರು, ಶೂಳಗಿರಿ, ಕೃಷ್ಣಗಿರಿಗಳ ಹೆದ್ದಾರಿಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಮನಸ್ಸು ಮಾಡಿದರೆ ಸರ್ಕಾರ ಗಡಿಯನ್ನು ಬದಿಗಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಪಘಾತಕ್ಕೆ ಸಾಧ್ಯವಾದದ್ದು ಹೃದಯಕ್ಕೆ, ಕ್ಯಾನ್ಸರಿಗೆ ಏಕೆ ಸಾಧ್ಯವಿಲ್ಲ?

ಭಾಗಶಃ ಅದಕ್ಕೂ ನಿಯಮವಿದೆ. ಆಯುಷ್ಮಾನ್ ಭಾರತದ ಕೇಂದ್ರ ಪಟ್ಟಿಯಲ್ಲಿ ಹೆಸರಿರುವ ಕುಟುಂಬ ದೇಶದ ಯಾವ ರಾಜ್ಯದಲ್ಲಾದರೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಆದರೆ ತಮಿಳುನಾಡಿನ ಕಾರ್ಡುದಾರರೆಲ್ಲರೂ ಆ ಪಟ್ಟಿಯವರಲ್ಲ. ರಾಜ್ಯ ತನ್ನ ಹಣದಿಂದ ಸೇರಿಸಿಕೊಂಡ ಕುಟುಂಬಗಳೂ ಬಹಳ ಇವೆ. ತಾನು ಯಾವ ಪಟ್ಟಿಯವನೆಂದು ತಿಳಿದ ರೈತ ಅಪರೂಪ. ಬೆಂಗಳೂರಿನ ಆಸ್ಪತ್ರೆಯ ಮೇಜಿನ ಮುಂದೆ ನಿಂತಾಗ ಅದನ್ನು ತಿಳಿಯುವುದು ಬಹಳ ತಡವಾದ ತಿಳಿವಳಿಕೆ. 2022ರಲ್ಲಿ ಕೃಷ್ಣಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ, ಮೊದಲು ಬೆಂಗಳೂರಿಗೇ ಓಡಬೇಕಿದ್ದ ಕೆಲವು ಕಾಯಿಲೆಗಳಿಗೆ ಜಿಲ್ಲೆಯೊಳಗೇ ನೆಲೆ ಸಿಕ್ಕುವ ದಾರಿ ತೆರೆದಿದೆ. ಅಲ್ಲಿಯೂ ರೋಗಿಯ ನೋವನ್ನು ರೋಗಿಯ ಮಾತಿನಲ್ಲಿ ಕೇಳುವವರು ಬೇಕು. ಎದೆ ಹಿಂಡುವುದಕ್ಕೂ ಎದೆ ಉರಿಯುವುದಕ್ಕೂ ಇರುವ ಅಂತರ ವೈದ್ಯನಿಗೆ ತಲುಪದಿದ್ದರೆ ಯಂತ್ರಗಳಿದ್ದು ಫಲವೇನು?

ಇದು ದಯೆಯಿಂದ ಬೇಡುವ ವಿಷಯವಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಜ್ಞಾಪನಪತ್ರದಲ್ಲಿ, ತಾಲ್ಲೂಕಿನಂಥ ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡ 15ರಿಂದ 20ರಷ್ಟು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಹೊರಡಿಸುವ ಮಾತಿದೆ. ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಭಾಷೆಯ ಹಕ್ಕೆಂದರೆ ಶಾಲೆಯ ಪಠ್ಯಪುಸ್ತಕ, ಕನ್ನಡ ಶಿಕ್ಷಕರ ನೇಮಕ ಎಂದೇ ಇಷ್ಟು ವರ್ಷ ಈ ಸೀಮೆಯಲ್ಲಿ ಹೋರಾಟ ನಡೆದಿದೆ. ಅದು ನ್ಯಾಯವೇ. ಆದರೆ ಶಾಲೆ ಬಿಟ್ಟು ಐವತ್ತು ವರ್ಷವಾದ ಮುದುಕಿಗೆ ಭಾಷೆಯ ಹಕ್ಕು ಅಗತ್ಯವಾಗುವುದು ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಗಳಿಗೆಯಲ್ಲಿ.

ಸೇಲಂ ಜಿಲ್ಲೆಯಾಗಿದ್ದಾಗ, ಧರ್ಮಪುರಿಯಾದಾಗ, 2004ರಲ್ಲಿ ಕೃಷ್ಣಗಿರಿಯಾದಾಗ ಕಚೇರಿಯ ಹೆಸರಷ್ಟೇ ಬದಲಾಯಿತು. ಇಲ್ಲಿನ ಜನರ ಮನೆಮಾತು ಅದೇ ಉಳಿಯಿತು. ಕೇಳಬೇಕಾದದ್ದು ದೊಡ್ಡದೇನಲ್ಲ. ವಿಮೆಯ ನಿಯಮಗಳ ಒಂದು ಹಾಳೆ ಕನ್ನಡದಲ್ಲಿ, ತೆಲುಗಿನಲ್ಲಿ. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಗಳ ವಿಮಾ ಮೇಜಿನಲ್ಲಿ ಈ ಭಾಷೆಗಳನ್ನು ಬಲ್ಲ ಒಬ್ಬರು. ಪ್ರತಿ ಕುಟುಂಬ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಪಂಚಾಯಿತಿಯಲ್ಲಿ ತೂಗುಹಾಕುವುದು. ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಗಡಿತಾಲ್ಲೂಕುಗಳ ಎಲ್ಲ ಕಾರ್ಡುಗಳೂ ಸಲ್ಲುವಂತೆ ಎರಡು ರಾಜ್ಯಗಳು ಒಪ್ಪಂದಕ್ಕೆ ಬರುವುದು. ಮೊದಲ ಮೂರಕ್ಕೆ ಹೆಚ್ಚು ಹಣವೂ ಬೇಡ. ತಮಿಳುನಾಡಿನಲ್ಲಿ ನವೆಂಬರ್ 1 ಈಗ ಗ್ರಾಮಸಭೆ ಸೇರುವ ದಿನಗಳಲ್ಲೊಂದು. ಆ ದಿನ ಕನ್ನಡ ಬಾವುಟ ಹಾರಿಸುವ ಮೊದಲು ಗ್ರಾಮಸಭೆಗೆ ಹೋಗಿ ಈ ನಾಲ್ಕನ್ನೂ ಠರಾವಿನಲ್ಲಿ ಬರೆಸಿ ಬರಬೇಕೆಂದು ಮೇಷ್ಟ್ರು ಜಗುಲಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಠರಾವಿನ ಕರಡನ್ನು ಅವರು ಎರಡು ಭಾಷೆಗಳಲ್ಲಿಯೂ ಬರೆದಿಟ್ಟಿದ್ದಾರೆ. ಕೆಳಗೆ ಸಹಿ ಹಾಕಲು ಜಾಗ ಬಿಟ್ಟಿದ್ದಾರೆ.